ಲೋನ್ಲಿ ಪದಕ್ಕೊಂದು ಉದಾಹರಣೆ

"ಓದಿ ಮೇಡಂ, ಲೋನ್ಲಿ ಪದಕ್ಕೆ ಬಂದಿದ್ದೀವಿ." ಹೆಡ್‌ಫೋನಿನಲ್ಲಿ ಸೌಂಡ್ ಎಂಜಿನಿಯರ್‌ನ ದನಿ.

ಇಂಗ್ಲಿಷ್ ಕಲಿಸುವ ಆ್ಯಪ್‌ಗೆ ದನಿ ಕೊಡುವುದು ಅವಳ ಕೆಲಸ. ಆ ಪಾಠ ಬರೆಯುವವನು, ಮುಂದಿನ ತಿಂಗಳು ಅವಳ ಕೈಹಿಡಿಯುವವನು, ಗಾಜಿನಾಚೆ ಕೂತು ಅವಳನ್ನೇ ನೋಡುತ್ತಿದ್ದ.

ಅವಳು ಓದಿದಳು. "ಅಲೋನ್ ಅಂದರೆ ಜೊತೆಗೆ ಯಾರೂ ಇಲ್ಲ, ಅಷ್ಟೇ. ಲೋನ್ಲಿ ಅಂದರೆ ಯಾರೂ ಇಲ್ಲವಲ್ಲ ಎಂಬ ನೋವು. ಜನರ ನಡುವೆ ಇದ್ದವರಿಗೂ ಹೀಗಾಗಬಹುದು. ಉದಾಹರಣೆಗೆ: ಬಾಗಿಲು ತೆಗೆಯೋಕೆ ಅಮ್ಮ ಇಲ್ಲ ಅಂತ ಗೊತ್ತಿದ್ರೂ, ದಿನಾ ನಮ್ಮನೆ ಬೆಲ್ ಒತ್ತಿ ನಿಲ್ತೀನಿ..."

ಅವಳು ಅಲ್ಲಿಗೇ ನಿಲ್ಲಿಸಿದಳು. ಅದು ಅವಳದೇ ಮಾತು! ಅವನ ಭುಜಕ್ಕೆ ಒರಗಿ, ಅವನೊಬ್ಬನಿಗೇ ಹೇಳಿದ್ದು.

"ಯಾರಾದ್ರೂ ಬಾಗಿಲು ತೆಗೆದುಬಿಟ್ರೆ ಏನ್ ಗತಿ ಮೇಡಂ?" ಎಂಜಿನಿಯರ್ ನಕ್ಕ. ಪಾಪ, ಅವನಿಗೇನು ಗೊತ್ತು.

ಅವಳು ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ನಡೆದಳು. ಪಾಠ ಬರೆದವನು ಹಿಂದೆಯೇ ಓಡಿಬಂದ.

"ಇಲ್ಲಿ ಉದಾಹರಣೆ ಕಟ್ಟಿ ಬರೆಯೋ ಹಾಗಿಲ್ಲ ಕಣೇ. ಯಾರಾದ್ರೂ ನಿಜವಾಗಿ ಆಡಿದ ಮಾತೇ ಬೇಕು. ನಿನ್ನ ಹೆಸರು ಹಾಕಿಲ್ವಲ್ಲ..."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

ಸುಳ್ಳಾದರೂ ಹೇಳಬಾರದಿತ್ತೇ... ನಂಬಿದವನೇ ಬೆನ್ನಿಗೆ ಚೂರಿ ಹಾಕಿದನಲ್ಲ. ಇನ್ನು ಇವನ ಮುಂದೆ ಅಳುವಾಗಲೂ ಅಳೆದು ತೂಗಿ ಅಳಬೇಕೇ?

"ಮದುವೆ ಬೇಡ. ನಿನ್ನ ಹತ್ತಿರ ಬಾಯಿ ಬಿಡೋಕೇ ನನಗೆ ಭಯ."

ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಬ್ಯಾಗ್ ತೆಗೆದುಕೊಳ್ಳಲು ಒಳಗೆ ಹೋದರೆ, ಮೈಕಿನ ಮುಂದೆ ಅವನಿದ್ದ. ಸ್ಪೀಕರಿನಲ್ಲಿ ಅವನ ದನಿ ಬರುತ್ತಿತ್ತು.

"ಅವಳ ಮಾತು ತೆಗೆದುಹಾಕಿ. ಇದು ನಂದು. ನಮ್ಮನೇಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಎಲ್ಲಾ ಇದ್ದಾರೆ. ಊಟಕ್ಕೆ ಕೂತಾಗ ನನ್ನನ್ನ ಮಾತಾಡಿಸೋರು ಮಾತ್ರ ಇಲ್ಲ. ಟಿವಿಯಲ್ಲಿ ವಾರ್ತೆ ಓದೋರು ನಮಸ್ಕಾರ ಅಂದ್ರೆ... ನಾನೂ ನಮಸ್ಕಾರ ಅಂತೀನಿ."

ಈ ಸಲ ಎಂಜಿನಿಯರ್ ನಗಲಿಲ್ಲ. ಅವಳು ಬ್ಯಾಗ್ ಮರೆತು ಗಾಜಿನ ಹತ್ತಿರ ಬಂದಳು. ಇಷ್ಟು ದಿನ ತನಗೂ ಹೇಳದೆ ಇಟ್ಟುಕೊಂಡಿದ್ದನಲ್ಲ!

ಅವಳು ಎಂಜಿನಿಯರ್‌ನ ಮೇಜಿಗೆ ಬಾಗಿ, ಗಾಜಿನ ಒಳಗಿದ್ದವನಿಗೆ ಕೇಳಿಸುವ ಗುಂಡಿ ಒತ್ತಿದಳು. "ಇದನ್ನ ಊರೆಲ್ಲ ಕೇಳುತ್ತೆ."

"ಕೇಳಲಿ. ನಿನಗೆ ಹೇಗಾಯ್ತು ಅಂತ ನನಗೂ ಗೊತ್ತಾಗಲಿ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

ಅವಳು ಎಂಜಿನಿಯರ್ ಕಡೆ ತಿರುಗಿದಳು. "ಅಣ್ಣಾ, ಅವರದನ್ನೂ ಅಳಿಸಿಬಿಡಿ." ಮತ್ತೆ ಗುಂಡಿ ಒತ್ತಿದಳು. "ಹೊರಗೆ ಬಾ. ಈಗ ಹೇಳಿದ್ದನ್ನ ನನಗೊಬ್ಬಳಿಗೇ ಹೇಳು."

"ಮೊದಲಿಂದಾನಾ?"

"ಹೂಂ... ಮೊದಲಿಂದ."