ಕನ್ನಡಕದ ಮೇಲಿನ ಬೆಳಕು

ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಹೋದ ವರ್ಷ ಮಂಜುಶ್ರೀ ಎಂಬ ಜಿಯಾಲಜಿ ಓದುವ ಹುಡುಗಿ, ಹಾಳೆಗಿಂತ ತೆಳ್ಳಗೆ ಉಜ್ಜಿದ ಕಲ್ಲಿನ ಚೂರುಗಳನ್ನು ಗಾಜಿಗೆ ಅಂಟಿಸಿಕೊಂಡು ಬಂದಿದ್ದಳು. ಅವಳು ಹೇಳಿದಂತೆ ಬೆಳಕನ್ನು ಸೋಸುವ ಎರಡು ಪೋಲರೈಸರ್ ಹಾಳೆಗಳ ನಡುವೆ ಇಟ್ಟು, ಒಂದನ್ನು ತಿರುಗಿಸಿದೆ. ಮಾಸಲು ಕಲ್ಲು ನೀಲಿ, ಕಿತ್ತಳೆ, ನೇರಳೆಯಾಗಿ ಅರಳಿಬಿಟ್ಟಿತು!

"ಬಾಯಿ ಮುಚ್ಚಿ ಸ್ವರೂಪ್, ನೊಣ ಹೋಗುತ್ತೆ," ಎಂದಳು.

ಅಲ್ಲಿಂದ ಅವಳ ಕಲ್ಲುಗಳಿಗೆ ನಾನೇ ಖಾಯಂ ಫೋಟೋಗ್ರಾಫರ್. ಮನಸ್ಸಿನ ಮಾತು ಮಾತ್ರ ಹೇಳಿರಲಿಲ್ಲ.

ಮೊನ್ನೆ ರೇಷ್ಮೆ ಸೀರೆಯುಟ್ಟು ತಾಯಿಯ ಜೊತೆ ಬಂದಳು.

"ಗಂಡಿನ ಕಡೆಯವ್ರಿಗೆ ಇವತ್ತೇ ಫೋಟೋ ಕಳಿಸ್ಬೇಕು ಕಣಪ್ಪ," ಎಂದರು ತಾಯಿ ಚೂಡಾಮಣಿ. "ಎಲ್ಲಿ ತೆಗೆಸಿದ್ರೂ ಕನ್ನಡಕಕ್ಕೆ ಬೆಳಕು ಹೊಡೆದು ಕಣ್ಣೇ ಕಾಣಲ್ಲ. ಬಿಚ್ಚೇ ಅಂದ್ರೆ ಬಿಚ್ಚಲ್ಲ."

"ಕನ್ನಡಕ ಇಲ್ದೆ ಒಪ್ಕೊಂಡೋರು, ಇದ್ದಾಗ ವಾಪಸ್ ಕಳಿಸ್ತಾರಾ ಅಮ್ಮ?" ಎಂದಳು ಮಂಜುಶ್ರೀ.

ಆ ಫೋಟೋ ಕೆಟ್ಟರೇ ನನಗೆ ಒಳ್ಳೆಯದು. ಆದರೆ ಬಾಯಿ ಸುಮ್ಮನಿರಬೇಕಲ್ಲ! "ಪೋಲರೈಸರ್ ಫಿಲ್ಟರ್ ಹಾಕಿದ್ರೆ ಹೊಳಪು ಮಾಯ ಅಮ್ಮ," ಎಂದುಬಿಟ್ಟೆ.

ಲೆನ್ಸಿಗೆ ಹಾಕಿ ತಿರುಗಿಸಿದೆ. ಹೊಳಪು ಹೋಗಲಿಲ್ಲ. ಇನ್ನೊಂದು ಸುತ್ತು. ಊಹೂಂ. ಆಗ ಗಮನಿಸಿದೆ: ಪ್ರತಿ ಸಲವೂ ಅವಳು ಗಲ್ಲ ಒಂಚೂರು ಎತ್ತಿ, ಕಿಟಕಿಯ ಬೆಳಕನ್ನು ಕನ್ನಡಕದ ಮೇಲೆ ನೇರವಾಗಿ ಹಿಡಿಯುತ್ತಿದ್ದಳು. ಗಾಜಿಗೆ ಓರೆಯಾಗಿ ತಾಗಿದ ಬೆಳಕನ್ನಷ್ಟೇ ಈ ಫಿಲ್ಟರ್ ತಡೆಯುವುದು. ನೇರ ಬೆಳಕಿನ ಮುಂದೆ ಅದರ ಆಟ ನಡೆಯದು. ಇದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಚೂಡಾಮಣಿಯವರಿಗೆ ಫೋನ್ ಬಂತು, ಬಾಗಿಲಾಚೆ ಹೋದರು.

"ಬೇಕಂತಲೇ ಮಾಡ್ತಿದೀರಾ?" ಎಂದೆ ಮೆಲ್ಲಗೆ.

"ಮತ್ತೆ? ನೀವಂತೂ ಬಾಯಿ ಬಿಡಲ್ಲ. ನಾನು ಎಷ್ಟು ಸ್ಟುಡಿಯೋದಲ್ಲಿ ಫೋಟೋ ಕೆಡಿಸ್ಲಿ?"

ಒಂದು ವರ್ಷ ಅವಳ ಪಕ್ಕದಲ್ಲೇ ಕೂತು ಬರೀ ಕಲ್ಲು ನೋಡಿದ್ದೆನಲ್ಲ ಅನ್ನಿಸಿತು.

ಅವಳು ನಿಧಾನವಾಗಿ ಮುಖವನ್ನು ಓರೆಗೆ ತಂದಳು. ಫಿಲ್ಟರ್ ತಿರುಗಿಸಿದೆ. ಹೊಳಪು ಜಾರಿತು. ಎರಡು ಕಣ್ಣು, ಸೀದಾ ನನ್ನ ಕಡೆಗೆ. ಅರ್ಧ ತುಂಟತನ, ಅರ್ಧ ಅಂಜಿಕೆ. ಕ್ಲಿಕ್ ಮಾಡಿದೆ.

"ಬಂತೇನಪ್ಪ?" ಎನ್ನುತ್ತ ಚೂಡಾಮಣಿಯವರು ಒಳಗೆ ಬಂದರು.

"ಬಂತು ಅಮ್ಮ. ಆದ್ರೆ ಇದನ್ನ ಅವ್ರಿಗೆ ಕಳಿಸೋಕೆ ನನ್ನ ಕೈಲಾಗಲ್ಲ. ಮಂಜುಶ್ರೀ ಅಂದ್ರೆ ನಂಗೆ ಇಷ್ಟ."

ಅವರು ಕ್ಯಾಮೆರಾ ಇಸಿದುಕೊಂಡು ಮಗಳ ಕಣ್ಣುಗಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ, "ನಿಮ್ಮಮ್ಮನ ನಂಬರ್ ಕೊಡು," ಎಂದರು.

ಬೈಯುವುದಕ್ಕೋ, ಮದುವೆ ಮಾತುಕತೆಗೋ, ಅವರ ಮುಖದಲ್ಲಿ ಗೊತ್ತಾಗಲಿಲ್ಲ. ಕೊಟ್ಟೆ.

ನೀವಾಗಿದ್ದರೆ ಆ ಫೋಟೋ ಕಳಿಸಿಬಿಡುತ್ತಿದ್ದಿರಾ?