ವಕೀಲರ ಗಾಜಿನ ತೊಟ್ಟಿ

ಗಾಜಿನ ತೊಟ್ಟಿಯಲ್ಲಿ ಕೊನೆಯ ಮೀನೂ ಹೊಟ್ಟೆ ಮೇಲಾಗಿ ತೇಲುತ್ತಿತ್ತು.

“ಎಲ್ಲಾ ಹೋದ್ವು, ಅಮೀನ್ ಸಾಹೇಬ್ರ! ವಿಷ ಹಾಕ್ಯಾನ ಆ ಮಾರೆಪ್ಪ!” ವಕೀಲ ಶೇಷಗಿರಿರಾಯರು ಕೂಗಿದರು.

ನಿಜಾಮರ ಸರ್ಕಾರ ಜಿಲಾನಿ ಪಾಷಾ ಎಂಬ ನನ್ನನ್ನು ರಾಯಚೂರಿಗೆ ಪೊಲೀಸ್ ಅಮೀನನಾಗಿ ಕಳಿಸಿದ್ದು ಡಕಾಯಿತರನ್ನು ಹಿಡಿಯಲಿಕ್ಕೆ. ಮೀನಿನ ಪಂಚನಾಮೆ ಮಾಡಲಿಕ್ಕಲ್ಲ. ಥೂ! ಆದರೆ ರಾಯರು ದೊಡ್ಡ ವಕೀಲರು. ಮೊದಲ ಮೀನು ಸತ್ತಾಗಲೇ ಊರೆಲ್ಲ ಸಾರಿ, ತಮ್ಮ ಆಳು ಮಾರೆಪ್ಪನನ್ನು ಠಾಣೆಯ ಹವಾಲಾತಿಗೆ ಹಾಕಿಸಿದ್ದರು. ದೇವದುರ್ಗದ ಕಡೆ ಕೃಷ್ಣೆಯಿಂದ ಆ ಮೀನು ಹಿಡಿದು ತಂದವನೇ ಅವನು. ಅವನ ಮನೆಯಲ್ಲಿ, ನೀರಿಗೆ ಕಲಸಿ ಮೀನಿಗೆ ಅಮಲೇರಿಸಿ ಹಿಡಿಯುವ ವಿಷದ ಕಾಯಿಯೂ ಸಿಕ್ಕಿತ್ತು. ನಾಳೆ ಕೋರ್ಟಿಗೆ ಆರೋಪದ ಚಲಾನು ಹಾಕಿದರೆ ಅವನಿಗೆ ಜೈಲು ಗ್ಯಾರಂಟಿ. ಹೆಂಡತಿ ಬೂದೆಮ್ಮ ಠಾಣೆಯ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

* * *

ಠಾಣೆಯಲ್ಲಿ ಆ ಕಾಯಿ ಜಜ್ಜಿ ಬಕೀಟಿನ ನೀರಿಗೆ ಕಲಸಿದೆ. ಸಂತೆಯಿಂದ ತಂದ ಜೀವಂತ ಮೀನು ಬಿಟ್ಟೆ. ನಾನು ಚಹಾ ಮುಗಿಸುವಷ್ಟರಲ್ಲಿ ಎಲ್ಲವೂ ಒಟ್ಟಿಗೇ ಮಗುಚಿದವು. ರಾಯರ ಮೀನುಗಳು ದಿನಕ್ಕೊಂದೆರಡರಂತೆ ಸತ್ತಿದ್ದವು. ಕಾಯಿಯ ಕೆಲಸ ಇದಲ್ಲ. ಹಾಗಾದರೆ ಮತ್ತೇನು? ತಲೆ ಕೆಟ್ಟು ಹೋಯಿತು.

* * *

ಮತ್ತೆ ರಾಯರ ಮನೆ.

“ತೊಟ್ಟಿ ಹೆಂಗ ಮಾಡಿದ್ರಿ, ಮೊದಲಿಂದ ಹೇಳ್ರಿ.”

“ಹೊಸಾ ನೀರಿಗೆ ಮೀನು ಬಿಡಬಾರದ್ರಿ. ಮೀನಿನ ಹೊಲಸು ನೀರಾಗ ವಿಷ ಆಗ್ತದ. ಆ ವಿಷ ತಿನ್ನೋ, ಕಣ್ಣಿಗೆ ಕಾಣದ ಜೀವ ಉಸುಕಿನಾಗ ಬೆಳೀಬೇಕು. ಮಾನ್ವಿ ಕೆರಿ ಸಸಿ ನೆಟ್ಟು ತಿಂಗಳುಗಟ್ಟಲೆ ಕಾದೀನಿ. ಆ ಜೀವ ಬೆಳದು ಉಸುಕಿಗೆ ಲೋಳಿ ಹತ್ತಿತ್ತು. ಯಾರಿಗೂ ಮುಟ್ಟಗೊಟ್ಟಿಲ್ಲ.”

ಅಂಗಿಯ ತೋಳು ಮಡಚಿ ತೊಟ್ಟಿಯಿಂದ ಒಂದು ಹಿಡಿ ಉಸುಕು ತೆಗೆದೆ. ಲೋಳೆಯ ಸುಳಿವಿಲ್ಲ. ಬೆಳ್ಳಗೆ ಹೊಳೆಯುತ್ತಿತ್ತು.

ಪಡಸಾಲೆಯಲ್ಲಿ ರಾಯರ ಹೆಂಡತಿ ಸತ್ಯಭಾಮಾಬಾಯಿ ಉಪ್ಪಿನಕಾಯಿ ಭರಣಿ ಬಿಸಿಲಿಗೆ ಇಡುತ್ತಿದ್ದರು. ಮುಚ್ಚಳದ ಮೇಲೆ ಒಣಗಿದ ಹುಲ್ಲಿನ ಎಸಳು.

“ಇದೇನ್ರಿ ಬಾಯಾರ?”

“ದರ್ಭಿರೀ. ಹೋದ ಹುಣ್ಣಿವಿಗೆ ಗ್ರಹಣ ಇತ್ತಲ್ಲ. ದರ್ಭಿ ಇಟ್ಟದ್ದು ಉಳಸ್ತೀವಿ. ಇಡದ ನೀರೆಲ್ಲಾ ಚೆಲ್ಲಿ, ತಿಕ್ಕಿ ತೊಳದು, ಹೊಸಾ ನೀರು ತುಂಬತೀವಿ.”

“ಎಲ್ಲಾ ನೀರು?”

“ಹಂಡೆ, ಕೊಡ, ಈ ತೊಟ್ಟಿನೂ. ಇದಕ್ಕ ದರ್ಭಿ ಇಡೋದು ಮರತಿದ್ದೆ. ಇವ್ರು ಹೈದರಾಬಾದಿನಾಗಿದ್ರು, ಮಾರೆಪ್ಪ ಊರಿಗೆ ಹೋಗಿದ್ದ. ನಾನೇ ಮೀನು ಬಕೀಟಿನ್ಯಾಗ ಬಿಟ್ಟು, ಉಸುಕು ಕುದಿಯೋ ನೀರಾಗ ತೊಳದೆ. ಸಸಿ ಮತ್ತ ನೆಟ್ಟೆ.”

ರಾಯರು ಹೆಂಡತಿಯತ್ತ ತಿರುಗಿದರು. “ಅಯ್ಯೋ! ಒಂದು ಮಾತು ಹೇಳಬಾರದಾಗಿತ್ತೇನ?”

“ಕೇಳಿದ್ರೇನು? ಬಂದ ಕೂಡ್ಲೆ ಮಾರೆಪ್ಪನ ಮ್ಯಾಲೆ ಹರಿಹಾಯ್ದ್ರಿ. ವಿಷ ಹಾಕ್ಯಾನ ಅಂದ್ರಿ, ನಾನೂ ನಂಬಿದೆ. ಗ್ರಹಣದ ನೀರು ಚೆಲ್ಲಿದ್ದಕ್ಕ ಡಂಗುರ ಹೊಡೀಬೇಕಾಗಿತ್ತೇನು?”

“ಹೊಸಾ ನೀರು, ತೊಳದ ಉಸುಕು,” ಎಂದೆ. “ವಿಷ ತಿನ್ನೋ ಜೀವ ಉಳೀಲಿಲ್ಲ. ಮೀನು ತಮ್ಮ ಹೊಲಸಿನಾಗ ತಾವೇ ಒಂದೊಂದಾಗಿ ಸತ್ವು. ಈಗ ಯಾರ ಮ್ಯಾಲೆ ಚಲಾನು ಹಾಕ್ಲಿ, ವಕೀಲ್ ಸಾಹೇಬ್?”

* * *

ಹವಾಲಾತಿನ ಬೀಗ ತೆಗೆಸಿದೆ. ರಾಯರು ತಲೆ ತಗ್ಗಿಸಿದರು.

“ತಪ್ಪಾತಪ್ಪಾ ಮಾರೆಪ್ಪ. ತೊಟ್ಟಿ ನೀರು ಹದಕ್ಕ ಬಂದ ಮ್ಯಾಲೆ ಮತ್ತ ಮೀನು ತಂದುಕೊಡು.”

“ಮೀನಿಂದು ಆಮ್ಯಾಲ್ರೀ ಯಪ್ಪಾ. ಈ ಮಾತು ನನಗ್ಯಾಕ ಹೇಳ್ತೀರಿ? ನಾ ಹಾಕಿಲ್ಲಂತ ನನಗ ಗೊತ್ತದ. ಹೊರಗ ನನ್ನ ಹೆಣ್ತಿ ಕುಂತಾಳ, ಆಕಿಗೆ ಹೇಳ್ರಿ.”

ರಾಯರು ಬೂದೆಮ್ಮನ ಮುಂದೆ ಹೋಗಿ ನಿಂತರು. ಕೋರ್ಟಿನಲ್ಲಿ ಗುಡುಗುವ ಮನುಷ್ಯ, ತುಟಿಯೊಳಗೇ ಏನೋ ಗೊಣಗಿದರು.

ಬೂದೆಮ್ಮ ಸೆರಗು ಕೊಡವಿ ಎದ್ದಳು.

“ಗಟ್ಟ್ಯಾಗಿ ಹೇಳ್ರಿ. ವಿಷ ಹಾಕ್ಯಾನ ಅಂದಾಗ ಓಣಿ ಮಂದಿಗೆಲ್ಲಾ ಕೇಳಿಸಿತ್ತು.”