ಮೂವತ್ತು ಎಣಿಸುವಷ್ಟರಲ್ಲಿ

"ತಪ್ಪು ನಂದೇ ಸರ್," ಎಂದ ಮನೀಷ್.

ಇಂದುಮತಿಗೆ ನಿಂತ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ತಪ್ಪು ಅವನದಾಗಿರಲಿಲ್ಲ, ಅವಳದಾಗಿತ್ತು. ಆ ಕೋಣೆಯಲ್ಲಿ ಅದು ತನ್ನೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು, ಪಾಪ.

ಕಲ್ಕತ್ತೆಯ ಬಾಲಿಗಂಜಿನ ಆ ಲ್ಯಾಬಿನ ಕಿಟಕಿಯ ಪಕ್ಕದಲ್ಲಿ ಮೂರಡಿ ಉದ್ದದ ಅಕ್ರಿಲಿಕ್ ಟ್ಯಾಂಕು ಕೂತಿತ್ತು. ನಾಲ್ಕು ದಿನದ ಹಿಂದೆ ಬಂದಾಗ ಅದು ಎಷ್ಟು ತಿಳಿಯಾಗಿತ್ತೆಂದರೆ, ಲ್ಯಾಬಿನ ಅಟೆಂಡರ್ ಅಣ್ಣಪ್ಪ ಅಲ್ಲೇನೂ ಇಲ್ಲವೆಂದುಕೊಂಡು ಹಣೆ ಕುಟ್ಟಿಕೊಂಡಿದ್ದ. ಈಗ ಅದರ ಮೈಮೇಲೆಲ್ಲ ಕೂದಲೆಳೆಯಂಥ ಬಿರುಕು. ಒಂದು ಮೂಲೆಯಿಂದ ನೀರು ಜಿನುಗಿ ಕೆಳಗಿಟ್ಟ ಬಕೆಟ್ಟಿಗೆ ಟಪ್ ಟಪ್ ಎಂದು ಬೀಳುತ್ತಿತ್ತು.

"ನೋಡಿ ಮನೀಷ್." ಇಂದುಮತಿಯ ಗೈಡ್ ಜಯತೀರ್ಥ ಸರ್ ಮೈಸೂರಿನವರು, ಬೈಯುವಾಗಲೂ ದನಿ ಏರಿಸುವವರಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು. "ಟ್ಯಾಂಕ್ ಮನೇಲಿ ಮಾಡೋದು ಅಂದಾಗಲೇ ನನಗೆ ಅನುಮಾನ ಇತ್ತು. ಈ ಹುಡುಗಿ ಹಟ ಹಿಡಿದಳು ಅಂತ ಒಪ್ಪಿದೆ. ಡಿಪಾರ್ಟ್‌ಮೆಂಟಿಗೆ ಇನ್ನೂ ಹನ್ನೆರಡು ಟ್ಯಾಂಕ್ ಬೇಕು, ನಿಮಗೇ ಕೊಡೋಣ ಅಂತಿದ್ದೆ. ಈಗ ಯಾವ ಮುಖ ಇಟ್ಕೊಂಡು ಕೊಡ್ಲಿ? ಮುಂಬೈ ಕಂಪನಿಯೊಂದಕ್ಕೆ ಬರೆಯೋದೇ ವಾಸಿ."

"ಒಂದು ತಿಂಗಳು ಟೈಮ್ ಕೊಡಿ ಸರ್. ಇದನ್ನು ವಾಪಸ್ ತಗೊಂಡು ಬೇರೆ ಮಾಡಿ ಕೊಡ್ತೇನೆ. ಮತ್ತೆ ನೀವು ಎಂತ ಡಿಸೈಡ್ ಮಾಡ್ತೀರೋ, ಓಕೆ."

ಇಂದುಮತಿ ತುಂಬುತ್ತಿದ್ದ ಬಕೆಟ್ಟನ್ನೇ ನೋಡುತ್ತ ನಿಂತಳು. ಮನೀಷ್ ಅವಳತ್ತ ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ಬಕೆಟ್ ಎತ್ತಿ ಸಿಂಕಿಗೆ ಸುರಿದ.

ಇಂದುಮತಿ ಧಾರವಾಡದವಳು, ಅಜ್ಜಿಯ ಹೆಸರು ಹೊತ್ತವಳು, ಕಲ್ಕತ್ತೆಯಲ್ಲಿ ಪಿಎಚ್‌ಡಿಯ ಮೂರನೇ ವರ್ಷದಲ್ಲಿದ್ದವಳು. ಅವಳ ಅಧ್ಯಯನದ ಮೀನಿನ ಹೆಸರು ಖೋಲ್ಸೆ. ಬಂಗಾಳಿಗಳು ಅದನ್ನು ಝೋಲ್ ಎಂಬ ಸಾರು ಮಾಡಿ ಉಣ್ಣುತ್ತಾರೆ, ಇವಳು ಸುಮ್ಮನೆ ನೋಡುತ್ತಾಳೆ. ಮಳೆಗಾಲದ ಮೊದಲಿಗೆ ಗಂಡು ಖೋಲ್ಸೆ ನೀರಿನ ಮೇಲೆ ಬಾಯಿಂದ ಗುಳ್ಳೆ ಬಿಟ್ಟು, ಗುಳ್ಳೆಗೆ ಗುಳ್ಳೆ ಸೇರಿಸಿ ಗೂಡು ಕಟ್ಟುತ್ತದೆ. ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಸಂಸಾರ, ಇಲ್ಲದಿದ್ದರೆ ಗಂಡಿನ ದುಡಿತವೆಲ್ಲ ನೀರುಪಾಲು. ಇದನ್ನು ನಾಲ್ಕೂ ಕಡೆಯಿಂದ ಕ್ಯಾಮೆರಾದಲ್ಲಿ ಹಿಡಿಯಬೇಕೆಂದರೆ ಗಾಜಿನ ಟ್ಯಾಂಕಿನಂತೆ ಮೂಲೆಗಳಲ್ಲಿ ಸಿಲಿಕೋನಿನ ಕಪ್ಪು ಗೆರೆ ಇರಬಾರದು. ಅಂಥ ಟ್ಯಾಂಕು ಯಾರು ಮಾಡುತ್ತಾರೆ ಎಂದು ಅಕ್ವೇರಿಯಂ ಅಂಗಡಿಗಳಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಕಸ್ಬಾದ ಮನೀಷ್-ದಾ.

ಅವಳು ಹುಡುಕಿಕೊಂಡು ಹೋದ ಫ್ಲ್ಯಾಟಿನ ಬಾಗಿಲಿನ ಮೇಲೆ ಇಂಗ್ಲಿಷಿನ ಕೆಳಗೆ ಕನ್ನಡದಲ್ಲಿ "ಪುಂಡಲೀಕ ಐತಾಳ" ಎಂದು ಬರೆದಿತ್ತು. ಅದನ್ನು ಕಂಡು ಅವಳಿಗೆ ಹೋದ ಜೀವ ಬಂದಂತಾಗಿತ್ತು. ಪುಂಡಲೀಕ ಐತಾಳರು ಬ್ಯಾಂಕಿನ ಕೆಲಸಕ್ಕೆಂದು ಕುಂದಾಪುರದಿಂದ ಬಂದು ಇಲ್ಲೇ ನಿವೃತ್ತರಾದವರು. ಮಗ ಮನೀಷ್ ಹುಟ್ಟಿ ಬೆಳೆದದ್ದು ಇಲ್ಲೇ. ವಾರವಿಡೀ ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ಕೂರುತ್ತಿದ್ದ, ಭಾನುವಾರ ಟೆರೇಸಿನಲ್ಲಿ ಟ್ಯಾಂಕು, ಫಿಲ್ಟರು ಮಾಡುತ್ತಿದ್ದ. ದೊಡ್ಡ ಆರ್ಡರ್ ಒಂದು ಸಿಕ್ಕಿದರೆ ಆಫೀಸಿಗೆ ಸಲಾಮು ಹೊಡೆದು ಸ್ವಂತ ವರ್ಕ್‌ಶಾಪ್ ಹಾಕುವುದು ಅವನ ಕನಸು. ಅದನ್ನು ಅಪ್ಪನಿಗೂ ಹೇಳದೆ ಇಂದುಮತಿಗೆ ಹೇಳಿದ್ದ. ಹನ್ನೆರಡು ಟ್ಯಾಂಕು ಎಂದರೆ ಅವನಿಗೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಾದರೂ ಅವಳು ಸುಮ್ಮನಿದ್ದುದೇಕೆ?

ಟ್ಯಾಂಕು ತಂದ ದಿನ ಮನೀಷ್ ಅದರ ಮೇಲಿನ ಕಾಗದವನ್ನು ನಿಧಾನವಾಗಿ ಸುಲಿದಿದ್ದ. ಕಿವಿಯ ಹಿಂದೆ ಪೆನ್ಸಿಲು. ಶೀಟು ಕೊಯ್ದ ಬಿಳಿ ಪುಡಿ ಅವನ ಕಣ್ಣಿನ ರೆಪ್ಪೆಯ ತುದಿಯಲ್ಲಿ ಕೂತಿತ್ತು, ಅವನು ರೆಪ್ಪೆ ಬಡಿದಾಗಲೆಲ್ಲ ಮಿನುಗುತ್ತಿತ್ತು. ಅವನು ಏನೇನೋ ಹೇಳುತ್ತಿದ್ದ. ಇಂದುಮತಿ ಪುಡಿ ನೋಡುತ್ತಿದ್ದಳು. ಕೊನೆಗೆ ಅವನು "ಆಯ್ತಾ?" ಅಂದ, ಇವಳು "ಹೂಂ" ಅಂದಳು.

ಅವನು ಹೋದ ಮೇಲೆ ಅವಳಿಗೆ ಆ ಟ್ಯಾಂಕಿನ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ಲ್ಯಾಬಿನವರಿಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಸ್ಪಿರಿಟ್ ಹಚ್ಚಿ ಒರೆಸುವ ಚಟ. ಅವಳೂ ಸ್ಪಿರಿಟ್ ಬಾಟಲಿ ತೆಗೆದಳು, ಹತ್ತಿ ತೆಗೆದಳು, ಮೂಲೆಮೂಲೆಯನ್ನೂ ಮಗುವಿನ ಮುಖ ಒರೆಸಿದಂತೆ ಒರೆಸಿದಳು. ಎರಡು ದಿನದಲ್ಲಿ ಬಿರುಕು ಬಂತು. ಫೋನಿನಲ್ಲಿ ಹುಡುಕಿದಾಗ ಮೊದಲ ಸಾಲಿನಲ್ಲೇ ಇತ್ತು: ಹೊಸ ಅಕ್ರಿಲಿಕ್ ಜಾಯಿಂಟಿಗೆ ಸ್ಪಿರಿಟ್ ತಾಗಿಸಬಾರದು. ಅವನು ಅಂದು ಹೇಳಿದ್ದೂ ಅದನ್ನೇ ಎಂದು ಆಗ ನೆನಪಾಯಿತು.

"ಸ್ಪಿರಿಟ್ ಹಚ್ಚಿದೆ" ಎನ್ನುವುದು ಕಷ್ಟವಲ್ಲ. ಆದರೆ "ನಾನು ಹೇಳಿದ್ದೆನಲ್ಲ, ಕೇಳಿಸ್ಲಿಲ್ವಾ?" ಎಂದು ಅವನು ಕೇಳಿದರೆ? ಆ ಪ್ರಶ್ನೆಗೆ ಅವಳ ಬಳಿ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳಲು ಧೈರ್ಯವಿರಲಿಲ್ಲ.

ಪ್ರಾಯಶ್ಚಿತ್ತಕ್ಕೆಂದು ಅವಳು ಪ್ರತಿ ಭಾನುವಾರ ಬೆಳಗ್ಗೆ ಕಸ್ಬಾಕ್ಕೆ ಹೊರಟಳು.

"ನೀವು ಯಾಕೆ ಬಂದ್ರಿ? ನಿಮ್ಮ ಸರ್ ಕಳಿಸಿದ್ರಾ, ನನ್ನ ಮೇಲೆ ಕಣ್ಣಿಡ್ಲಿಕ್ಕೆ?" ಮೊದಲ ಭಾನುವಾರ ಅವನು ಕೇಳಿದ.

"ಹೌದ್ರಿ. ದಿನಾ ರಿಪೋರ್ಟ್ ಕೊಡಬೇಕಂತ ಹೇಳ್ಯಾರ."

"ಹಾಗಾದ್ರೆ ಬರ್ಕೊಳ್ಳಿ. ಕಾರೀಗರ್ ಹ್ಯಾಂಡ್ಸಮ್ ಉಂಟು, ಕೆಲಸ ಸ್ಲೋ."

"ಮೊದಲನೇದು ಸುಳ್ಳು, ಎರಡನೇದು ಖರೆ."

ಅವನು ನಕ್ಕ. ಅವಳಿಗೆ ನಗು ಬಂದರೂ ಎದೆಯಲ್ಲಿ ಮುಳ್ಳಾಡಿತು. ಬೈಸಿಕೊಂಡವನು ಇಷ್ಟು ಹಗುರಾಗಿ ಹೇಗೆ ನಗುತ್ತಾನೆ?

ಆ ಭಾನುವಾರ ಶೀಟು ಕೊಯ್ದರು. ಎರಡನೆಯ ಭಾನುವಾರ ಅಂಚುಗಳನ್ನು ಕೆರೆದು ಕೆರೆದು ನುಣುಪು ಮಾಡಿದರು. ಅವನ ತಾಯಿ ಮನೋರಮಾ ಬಂಗಾಳದ ಪೂರಿಯಾದ ಲುಚಿಗೆ ತೆಂಗಿನಕಾಯಿ ಚಟ್ನಿ ಹಾಕಿಕೊಂಡು ಮೇಲೆ ತಂದರು.

"ತಿನ್ನು ಮಗಾ. ಇವನಿಗೆ ಆ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿದ್ರೆ ಊಟವೂ ಬೇಡ, ಎಂತದೂ ಬೇಡ. ಮೊದಲು ಪಿನ್ ಎಳೀಲಿಕ್ಕೆ ನನ್ನನ್ನು ಕರೀತಿದ್ದ. ಈಗ ಅಮ್ಮ ಬೇಡವಂತೆ."

"ನೀನು ಎಳೀವಾಗ ಕುಕ್ಕರ್ ಕೂಗ್ತದೆ ಅಮ್ಮ. ಬಿಟ್ಟು ಓಡ್ತಿ."

"ಹೌದು ಹೌದು, ಕುಕ್ಕರಿನದೇ ತಪ್ಪು," ಎಂದು ಮನೋರಮಾ ಇಂದುಮತಿಯ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ ಇಳಿದು ಹೋದರು. ಇಂದುಮತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಪಿನ್ ಎಳೆಯುವುದು ಮೂರನೆಯ ಭಾನುವಾರದ ಕೆಲಸ. ಅಡಿಯ ಶೀಟಿನ ಮೇಲೆ ಸಾಲಾಗಿ ಸಣ್ಣ ಪಿನ್ನುಗಳನ್ನಿಟ್ಟು, ಅದರ ಮೇಲೆ ಇನ್ನೊಂದು ಶೀಟನ್ನು ನಿಲ್ಲಿಸಬೇಕು. ನಡುವಿನ ಸಂದಿಗೆ ಸಿರಿಂಜಿನಿಂದ ಸಾಲ್ವೆಂಟ್ ಬಿಡಬೇಕು.

"ಇದು ಗೋಂದು ಅಲ್ಲ," ಮನೀಷ್ ವಿವರಿಸಿದ. "ಎರಡೂ ಶೀಟು ಸ್ವಲ್ಪ ಸ್ವಲ್ಪ ಕರಗಿ ಒಂದೇ ಆಗ್ತದೆ. ಮೂವತ್ತು ಎಣಿಸ್ಬೇಕು. ಮೂವತ್ತಕ್ಕೆ ನೀವು ಪಿನ್ ಎಳೀರಿ, ನಾನು ಹಿಡ್ಕೊಳ್ತೇನೆ. ಬೇಗ ಎಳೆದ್ರೆ ಕೂಡುವುದಿಲ್ಲ, ಲೇಟಾದ್ರೆ ಗುಳ್ಳೆ ಕೂರ್ತದೆ. ನನ್ನ ಜಾಯಿಂಟಲ್ಲಿ ಇಷ್ಟರವರೆಗೆ ಒಂದು ಗುಳ್ಳೆ ಕೂತಿದ್ದಿಲ್ಲ, ಗೊತ್ತುಂಟಾ?"

ಮೂರು ಬದಿ ಒಂದೂ ಗುಳ್ಳೆಯಿಲ್ಲದೆ ಮುಗಿಯಿತು. ಕೊನೆಯ ಬದಿ. ಅವನ ತಲೆ ಅವಳ ತಲೆಗೆ ತಾಗುವಷ್ಟು ಹತ್ತಿರ. ರೆಪ್ಪೆಯ ಮೇಲೆ ಅದೇ ಬಿಳಿ ಪುಡಿ. ಈ ಜಾಯಿಂಟು ಮುಗಿದರೆ ಇನ್ನು ಭಾನುವಾರಗಳೂ ಮುಗಿದವು ಎಂದು ಅವಳಿಗೆ ಹೊಳೆಯಿತು. ಈ ಮನುಷ್ಯ ಅವಳ ತಪ್ಪನ್ನು ತಲೆಯ ಮೇಲೆ ಹೊತ್ತು, ತಾನು ಮಾಡದ ತಪ್ಪಿಗೆ ಮೂರು ವಾರ ಬೆವರು ಸುರಿಸಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಹದಿನಾರು, ಹದಿನೇಳು..." ಅವನು ಎಣಿಸುತ್ತಿದ್ದ.

"ಮನೀಷ್, ಆ ಟ್ಯಾಂಕಿಗೆ ಸ್ಪಿರಿಟ್ ಹಚ್ಚಿ ಹಾಳು ಮಾಡಿದಾಕಿ ನಾನ."

"ಹದಿನೆಂಟು."

"ಕೇಳಿಸ್ತೇನ್ರಿ?"

"ಕೇಳಿಸ್ತು. ಹತ್ತೊಂಬತ್ತು. ನಂಗೆ ಗೊತ್ತಿತ್ತು. ಇಪ್ಪತ್ತು."

"ಏನು?" ಇಂದುಮತಿ ಪಿನ್ನು ಮರೆತು ಎದ್ದೇ ನಿಂತಳು. "ಗೊತ್ತಿತ್ತಾ? ಯಾವಾಗಿಂದ?"

"ಅವತ್ತೇ. ಬಿರುಕೆಲ್ಲ ಎಡಗೈಯಲ್ಲಿ ಒರೆಸಿದ ಹಾಗೆ ಬಾಗಿತ್ತು. ಲ್ಯಾಬಲ್ಲಿ ಎಡಗೈಯವರು ನೀವೊಬ್ರೇ."

"ಲ್ಯಾಬಿನಾಗ ಎಲ್ಲಾರ ಕೈನೂ ನೋಡೀರೇನು ನೀವು?"

ಅವನ ಕಿವಿ ಕೆಂಪಾಯಿತು. "ಎಲ್ಲರದ್ದು ಅಲ್ಲ," ಅಂದ. ಆಮೇಲೆ ಒಮ್ಮೆಲೆ ಕೂಗಿದ, "ಅರೇ, ಪಿನ್! ಪಿನ್ ಎಳೀರಿ!"

ಅವಳು ಗಡಬಡಿಸಿ ಕೂತು ಎಳೆದಳು. ತಡವಾಗಿತ್ತು. ಜಾಯಿಂಟಿನ ತುದಿಯಲ್ಲಿ, ಸರಿಯಾಗಿ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಗುಳ್ಳೆಯೊಂದು ಆರಾಮಾಗಿ ಕೂತುಬಿಟ್ಟಿತ್ತು.

ಇಬ್ಬರೂ ಅದನ್ನೇ ನೋಡಿದರು. ಕೆಳಗೆ ರಸ್ತೆಯಲ್ಲಿ ಆಟೋ ಒಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು.

"ಗೊತ್ತಿದ್ದೂ ಯಾಕ ಬೈಸ್ಕೊಂಡ್ರಿ?" ಇಂದುಮತಿಯ ಕಣ್ಣು ತುಂಬಿತು, ಜೊತೆಗೆ ಸಿಟ್ಟೂ ಬಂತು. "ಹನ್ನೆರಡು ಟ್ಯಾಂಕು ಕೈಬಿಟ್ಟು ಹೋಗೂದಿತ್ತು. ನಿಮ್ಮ ವರ್ಕ್‌ಶಾಪ್ ಹೋಗೂದಿತ್ತು. ನಾನು ಮೂರು ವಾರ ನಿದ್ದಿ ಮಾಡಿಲ್ಲ, ತಿಳೀತೇನು? ದೊಡ್ಡ ಮನುಷ್ಯಾ ಆಗ್ಲಿಕ್ಕೆ ಹೋಗೀರಿ!"

"ದೊಡ್ಡ ಮನುಷ್ಯ ಎಂತ ಅಲ್ಲ." ಅವನು ಸಿರಿಂಜು ಕೆಳಗಿಟ್ಟ. "ನಿಮ್ಮ ಮುಖ ನೋಡಿದೆ, ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಮತ್ತೆ... ಹೊಸ ಟ್ಯಾಂಕ್ ಮಾಡ್ಬೇಕಾದ್ರೆ ನೀವು ಬರಬಹುದು ಅಂತ ಆಸೆ ಇತ್ತು. ಬಂದ್ರಿ. ಬಂದ ಮೇಲೆ ನೀವೇ ಹೇಳ್ತೀರಿ ಅಂತ ಕಾದೆ." ಆಮೇಲೆ ಕೇಳಿದ, "ಆದ್ರೆ ಒಂದು ಹೇಳಿ. ಸ್ಪಿರಿಟ್ ತಾಗಿಸ್ಬೇಡಿ ಅಂತ ಎರಡು ಸಲ ಹೇಳಿದ್ದೆ. ಕೇಳಿಸ್ಲಿಲ್ವಾ?"

ಬಂದೇ ಬಿಟ್ಟಿತು ಆ ಪ್ರಶ್ನೆ. ಇಂದುಮತಿ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಕೇಳಿಸಿತ್ರಿ. ತಲಿಯೊಳಗ ಹೋಗಲಿಲ್ಲ. ನಿಮ್ಮ ರೆಪ್ಪಿ ಮ್ಯಾಲೆ ಪುಡಿ ಕೂತಿತ್ತು. ಅದನ್ನ ನೋಡ್ಕೋತ ನಿಂತಿದ್ದೆ."

ಮನೀಷನ ಕೈ ತಾನಾಗಿ ಕಣ್ಣಿನತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಅವನು ಏನೋ ಹೇಳಹೊರಟ.

"ಬ್ಯಾಡ," ಅವಳು ತಡೆದಳು. "ಈಗ ಏನೂ ಹೇಳಬ್ಯಾಡ್ರಿ. ಮೊದಲು ನಾನು ಸರ್‌ಗೆ ಹೇಳಿ ಬರ್ತೀನಿ. ನಿಮ್ಮ ತಲಿ ಮ್ಯಾಲಿನ ಆ ತಪ್ಪು ಇಳೀಬೇಕು. ಆಮ್ಯಾಲೆ ಹೇಳ್ರಿ."

ಮರುದಿನ ಬೆಳಗ್ಗೆ ಜಯತೀರ್ಥ ಸರ್ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ನಾನು ಆ ಹುಡುಗನ್ನ ನಿನ್ನ ಎದುರಿಗೇ ಬೈದೆ. ನೀನು ನೋಡ್ತಾ ನಿಂತಿದ್ದೆ."

"ಹೌದು ಸರ್. ತಪ್ಪಾತು."

"ಟ್ಯಾಂಕು ಒಡೆದದ್ದಕ್ಕೆ ಬೇಜಾರಿಲ್ಲಮ್ಮ. ಸುಮ್ಮನಿದ್ದದ್ದಕ್ಕೆ ಬೇಜಾರು." ಅವರು ಮೇಜಿನ ಮೇಲಿದ್ದ ಲಕೋಟೆಯೊಂದನ್ನು ಪಕ್ಕಕ್ಕೆ ಸರಿಸಿದರು. "ಮುಂಬೈ ಪತ್ರ ಇನ್ನೂ ಕಳಿಸಿಲ್ಲ. ಹೊಸ ಟ್ಯಾಂಕ್ ಬರಲಿ. ಹತ್ತು ದಿನ ನೀರು ನಿಲ್ಲಲಿ, ಮೀನು ಒಪ್ಪಲಿ. ಆಮೇಲೆ ನೋಡೋಣ."

ಹೊಸ ಟ್ಯಾಂಕು ಬಂತು. ಇಂದುಮತಿ ಬರೀ ನೀರು, ಮೆತ್ತನೆಯ ಬಟ್ಟೆ ಬಳಸಿದಳು, ಸ್ಪಿರಿಟ್ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮನೀಷ್ ತಂದಿಟ್ಟು ಹೋದ ಮೇಲೆ ಮಾತಿಲ್ಲ, ಫೋನಿಲ್ಲ. ಸರ್ ಟ್ಯಾಂಕು ಒಪ್ಪುವ ತನಕ ಸುಮ್ಮನಿರು ಎಂದು ಹೇಳಿದವಳು ಅವಳೇ, ಈಗ ಗಳಿಗೆಗೊಮ್ಮೆ ಫೋನ್ ತೆಗೆದು ನೋಡುತ್ತಿದ್ದವಳೂ ಅವಳೇ. ಒಂದು ಹನಿ ನೀರೂ ಸೋರಲಿಲ್ಲ. ಆದರೆ ಗಂಡು ಖೋಲ್ಸೆ ಹತ್ತು ದಿನ ಮೂಲೆಯಿಂದ ಮೂಲೆಗೆ ಅಲೆಯಿತು, ಒಂದು ಗುಳ್ಳೆಯನ್ನೂ ಬಿಡಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಅವಳು ಸೆಕ್ಟರ್ ಫೈವ್‌ನ ಆಫೀಸಿನಲ್ಲಿದ್ದ ಮನೀಷನಿಗೆ ಫೋನ್ ಮಾಡಿದಳು. "ಬರ್ರಿ. ಈಗಿಂದೀಗ."

"ಲೀಕಾ?" ಅವನು ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು.

"ಬಂದು ನೋಡ್ರಿ."

ಅವನು ಏದುಸಿರು ಬಿಡುತ್ತ ಬಂದಾಗ ಜಯತೀರ್ಥ ಸರ್ ಟ್ಯಾಂಕಿನ ಮುಂದೆ ಬಗ್ಗಿ ನಿಂತಿದ್ದರು. ನೀರಿನ ಮೇಲೆ ಬೊಗಸೆಯಷ್ಟು ಅಗಲದ ಬಿಳಿ ನೊರೆಯ ಗೂಡು. ಅದರ ಕೆಳಗೆ ಗಂಡು ಮೀನು ಸೊಕ್ಕಿನಿಂದ ಕಾವಲು ನಿಂತಿತ್ತು, ಹೆಣ್ಣು ಸುತ್ತಿ ಸುತ್ತಿ ನೋಡುತ್ತಿತ್ತು. ಉಳಿದ ಮೂರು ಮೂಲೆ ಬಿಟ್ಟು ಗಂಡು ಗೂಡು ಕಟ್ಟಿದ್ದು ಜಾಯಿಂಟಿನಲ್ಲಿ ಅಕ್ಕಿಕಾಳಿನಷ್ಟು ಗುಳ್ಳೆ ಕೂತಿದ್ದ ಆ ಮೂಲೆಯಲ್ಲೇ.

"ಮನೀಷ್, ನಾನು ಅವತ್ತು ಆಡಿದ ಮಾತು ವಾಪಸ್ ತಗೋತೀನಿ," ಸರ್ ಅವನ ಭುಜ ತಟ್ಟಿದರು. "ಹನ್ನೆರಡೂ ನೀವೇ ಮಾಡಿ. ಆದರೆ ಈ ಜಾಯಿಂಟಲ್ಲಿ ಒಂದು ಗುಳ್ಳೆ ಇದೆಯಲ್ಲಪ್ಪ, ಇದೇನು?"

"ತಪ್ಪು ನಂದು ಸರ್," ಇಬ್ಬರೂ ಒಟ್ಟಿಗೇ ಅಂದರು.

ಸರ್ ಇಬ್ಬರನ್ನೂ ನೋಡಿದರು. "ಸರಿ ಸರಿ," ಎನ್ನುತ್ತ ಚಹಾ ಕುಡಿಯಲು ಹೊರಟುಹೋದರು.

"ಈಗ ಹೇಳ್ರಿ," ಎಂದಳು ಇಂದುಮತಿ.

"ಎಂತ ಹೇಳುದು? ಹನ್ನೆರಡು ಟ್ಯಾಂಕ್ ಉಂಟು. ಪಿನ್ ಎಳೀಲಿಕ್ಕೆ ಜನ ಬೇಕು."

"ಅಷ್ಟೇನಾ?"

"ಅಷ್ಟೇ ಅಲ್ಲ ಮಾರಾಯ್ತಿ." ಮೊದಲ ಸಲ ಅವನು ಏಕವಚನಕ್ಕೆ ಇಳಿದಿದ್ದ. "ನಿನ್ನ ಮೇಲೆ ಪ್ರೀತಿ ಉಂಟು. ತುಂಬಾ ಉಂಟು. ನನ್ನ ಕನ್ನಡ ಇಷ್ಟೇ, ಇದಕ್ಕಿಂತ ಚಂದ ಹೇಳ್ಲಿಕ್ಕೆ ಬರುವುದಿಲ್ಲ. ನಿನಗೆ?"

ಅವನನ್ನು ಕಾಡಿಸದೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

"ಮೂವತ್ತು ಎಣಿಸು," ಎಂದಳು. "ಆಮ್ಯಾಲೆ ಹೇಳ್ತೀನಿ."

ಅವನು ಅವಳ ಮುಖದಿಂದ ಕಣ್ಣು ತೆಗೆಯದೆ, ಪಾಠ ಒಪ್ಪಿಸುವ ಹುಡುಗನಂತೆ ಎಣಿಸತೊಡಗಿದ. ಒಂದು, ಎರಡು, ಮೂರು. ಮೂವತ್ತರ ತನಕ ಕಾಯುವ ತಾಳ್ಮೆ ಅವಳಿಗೇ ಇರಲಿಲ್ಲ. ಏಳು ಎನ್ನುವಷ್ಟರಲ್ಲಿ ಎಡಗೈ ಚಾಚಿ ಅವನ ಕೈ ಹಿಡಿದುಕೊಂಡಳು.

"ಎಂಟು," ಎಂದ ಅವನು, ಅಭ್ಯಾಸಬಲದಿಂದ.